ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ ವರ್ಷ

ನಾನು ಹುಟ್ಟಿದ್ದು ಮಹಾರಾಷ್ಟ್ರದಲ್ಲಿ, ಬೆಳೆದದ್ದು ಕಾಗವಾಡದಲ್ಲಿ. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವ್ವನ ತವರು ಮಿರಜದ ಹತ್ತಿರದ ಒಂದು ಹಳ್ಳಿ. ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಹಿರಿಯ ಮಗು ಆ ರಾಜ್ಯದ್ದು, ಉಳಿದವು ಈ ರಾಜ್ಯದವು. ಎಂಬತ್ತೊಂಬತ್ತನೇ ಇಸವಿಯವರೆಗೆ ಇದನ್ನು ಯಾರೂ ಎಣಿಸಿರಲಿಲ್ಲ, ನಾನೂ ಸೇರಿದಂತೆ. ಸಾಮಾನ್ಯವಾಗಿ ಎಣಿಸದೆ ಬಿಡುವವಳಲ್ಲ ನಾನು. ಎಂಟನೇ ಇಯತ್ತೆಯಿಂದ ಡೈರಿ ಬರೆಯುತ್ತಿದ್ದೆ. ಕಾಲೇಜಿಗೆ ಹೋಗುವ ಅಥಣಿ ಬಸ್ಸು ಮೂರು ವರ್ಷದಲ್ಲಿ ಎಷ್ಟು ಸಲ ವೇಳೆಗೆ ಬಂತು ಎಂಬ ಲೆಕ್ಕ ನನ್ನ ಬಳಿ ಇತ್ತು. ಬಸ್ಸಿನವರ ಬಳಿ ಇರಲಿಲ್ಲ.

ಆ ವರ್ಷ ಜೂನ್‌ನಲ್ಲಿ ಬಿ.ಎಸ್‌ಸಿ. ಫಲಿತಾಂಶ ಬಂತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಬೇಕೆಂದು ನಾನು ಮೊದಲೇ ಹೇಳಿಟ್ಟಿದ್ದೆ. ಅಪ್ಪ ಹೂಂ ಎಂದೂ ಅಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಅಂಕಪಟ್ಟಿ ತಂದು ತೋರಿಸಿದ ಸಂಜೆ, ಹೊತ್ತು ಮುಳುಗುವ ಮೊದಲಿನ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತು ತಮ್ಮ ಷರತ್ತು ಹೇಳಿದರು.

"ಧಾರವಾಡಕ್ಕ ಕಳಸಿದ್ರ ದೀಪಾವಳಿಗೊಮ್ಮೆ ಮಾರಿ ಕಾಣ್ತದ. ಅದು ಆಗೂದಿಲ್ಲ. ಕೊಲ್ಲಾಪುರ ಆದ್ರ ಮಿರಜದಾಗ ರೈಲ ಹತ್ತಿದ್ರ ಮುಗೀತು, ಶನಿವಾರ ಸಂಜಿಕ ಮನ್ಯಾಗ ಇರ್ತಿ. ಅಲ್ಲಿ ಸಿಕ್ರ ಹೋಗು. ಸಿಗದಿದ್ರ ಇಷ್ಟಕ್ಕ ಸಾಕು."

ಅಪ್ಪನ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ರಾಜ್ಯದ ವಿಶ್ವವಿದ್ಯಾಲಯಕ್ಕೆ ಹೋಗಲು ಇಡೀ ದಿನ ಬೇಕು, ಪಕ್ಕದ ರಾಜ್ಯದ್ದಕ್ಕೆ ಅರ್ಧ ದಿನ ಸಾಕು. ಹತ್ತಿರದ್ದು ಹೊರಗಿನದಾಗಿತ್ತು, ಅಷ್ಟೇ. ಅಲ್ಲಿ ಸೀಟು ಸಿಗದಿದ್ದರೆ ನನ್ನ ಓದು ಮುಗಿಯಿತು ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು.

ಮರುವಾರ ಅಪ್ಪನೂ ನಾನೂ ಅರ್ಜಿ ತರಲು ಹೋದೆವು. ಕಿಟಕಿಯ ಹಿಂದಿನ ಗುಮಾಸ್ತ ಮರಾಠಿಯಲ್ಲಿ, ಅವಸರವಿಲ್ಲದೆ, ಎಲ್ಲ ಬಿಡಿಸಿ ಹೇಳಿದ. ಪಟ್ಟಿ ಎರಡು. ಒಂದು ರಾಜ್ಯದ ನಿವಾಸಿಗಳದು, ಅದರಲ್ಲಿ ಸೀಟು ಹೆಚ್ಚು. ಇನ್ನೊಂದು ಹೊರರಾಜ್ಯದವರದು, ಅದರಲ್ಲಿ ಎರಡೇ ಸೀಟು. ನಾನು ಹುಟ್ಟಿದ್ದು ಮಿರಜದ ಕಡೆ ಎಂದು ಅಪ್ಪ ನಡುವೆ ಬಾಯಿ ಹಾಕಿದರು. ಗುಮಾಸ್ತ ತಲೆ ಎತ್ತಿ ನನ್ನನ್ನು ನೋಡಿದ. ಹುಟ್ಟಿದ ದಾಖಲೆಯೊಂದೇ ಸಾಲದು, ಅಲ್ಲಿ ವಾಸವಿದ್ದೇನೆ ಎಂಬುದಕ್ಕೂ ಕಾಗದ ಬೇಕು. ರೇಷನ್ ಕಾರ್ಡಿನಲ್ಲಿ ಹೆಸರಿದ್ದರೆ ತಹಸೀಲ್ದಾರರು ನಿವಾಸಿ ಪ್ರಮಾಣಪತ್ರ ಕೊಡುತ್ತಾರೆ ಎಂದ. ಬಾಗಿಲ ತನಕ ಬಂದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಹಂಗಾರ ಮಾಮಾನ ಮನಿಗೆ ಹೋಗಿ ಬರೂಣು" ಎಂದರು.

ಮಾಮಾ ಅಂದರೆ ಅವ್ವನ ಅಣ್ಣ. ದ್ರಾಕ್ಷಿ ತೋಟದವರು. ಬಿಳಿ ಟೊಪಿಗೆ, ದೊಡ್ಡ ದನಿ, ಯಾವುದಕ್ಕೂ ಆಗುವುದಿಲ್ಲ ಎನ್ನದ ಸ್ವಭಾವ. ಅವರು ಅಪ್ಪನ ಮಾತು ಪೂರ್ತಿ ಕೇಳಲೂ ಇಲ್ಲ.

"ಅಗದೀ ಸೋಪ ಐತಿ ಪಾವಣ್ಯಾರ, ಏನ ತ್ರಾಸಿಲ್ಲ. ಅಲ್ಲಿ ಹೆಸರ ಕಮಿ ಮಾಡಿಸಿ ಚೀಟಿ ತರ್ರಿ, ಇಲ್ಲಿ ನಮ್ಮ ಕಾರ್ಡಿಗೆ ಹಾಕಿಸ್ತೇನಿ. ಉಳದದ್ದು ನನಗ ಬಿಡ್ರಿ. ಹುಡುಗಿ ಹುಟ್ಟಿದ್ದ ಈ ಮನ್ಯಾಗ. ಸುಳ್ಳ ಏನೈತಿ ಇದರಾಗ?"

ಅಜ್ಜಿ, ಅಂದರೆ ಮಾಮಾನ ತಾಯಿ, ಮೂಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದವರು ಕೈ ನಿಲ್ಲಿಸಿ ನಕ್ಕರು. ಏಕೆಂದು ನನಗೆ ಆಗ ತಿಳಿಯಲಿಲ್ಲ. ಡೈರಿಯಲ್ಲಿ "ಮಾಮಾ ಒಪ್ಪಿದರು, ಸಮಸ್ಯೆ ಮುಗಿಯಿತು" ಎಂದಷ್ಟೇ ಬರೆದೆ.

ಹೆಸರು ಕಮಿ ಮಾಡಿಸಲು ನಮ್ಮೂರಿನ ರೇಷನ್ ಅಂಗಡಿಯಿಂದ ಶುರು ಮಾಡಬೇಕಿತ್ತು. ಅಂಗಡಿಯವನು ಬರೆದುಕೊಟ್ಟರೆ ಅಥಣಿಯ ಕಚೇರಿಯಲ್ಲಿ ಠಸೆ ಒತ್ತುತ್ತಿದ್ದರು. ಅಪ್ಪನ ಜೊತೆ ನಾನೂ ಹೋದೆ. ಸೀಮೆಎಣ್ಣೆಗೆ ಡಬ್ಬಿ ಹಿಡಿದು ನಿಂತ ಹೆಂಗಸರ ಸಾಲಿತ್ತು. ಅಪ್ಪ ಕಾರ್ಡು ಮುಂದಿಟ್ಟು, "ಹಿರೀ ಮಗಳ ಹೆಸರ ತಗೀಬೇಕಾಗಿತ್ರಿ" ಎಂದರು.

ಅಂಗಡಿಯವನು ಕನ್ನಡಕ ಏರಿಸಿಕೊಂಡ. "ಎಲ್ಲಿಗೆ ಹಾಕಸ್ತೀರಿ?"

"ಅವರ ಮಾಮಾನ ಮನಿಗೆ."

"ಭಾಳ ಚೊಲೋ ಆತು" ಎಂದು ಅವನು ನನ್ನ ಹೆಸರಿನ ಮೇಲೆ ಅಡಿಪಟ್ಟಿ ಇಟ್ಟು ನೆಟ್ಟಗೆ ಗೆರೆ ಎಳೆದ. "ಪೇಡೆ ಮರೀಬ್ಯಾಡ್ರಿ ಮತ್ತ."

ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಅಪ್ಪ ಇದು ಕಾಲೇಜಿನ ಸಲುವಾಗಿ ಎಂದರು. ಅಂಗಡಿಯವನು, "ಹೌದ್ರಿ, ಹೌದ್ರಿ, ಕಲೀಲಿ, ಈಗಿನ ಕಾಲದಾಗ ಕಲಿತಾಕೀನ ಬೇಕು" ಎಂದ.

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಹೆಣ್ಣುಮಗಳ ಹೆಸರು ತಂದೆಯ ರೇಷನ್ ಕಾರ್ಡಿನಿಂದ ಹೋಗುವುದು ಒಂದೇ ಸಲ, ಮದುವೆಯಾದಾಗ. ಅದೂ ಮಾಮಾನ ಮನೆಯ ಕಾರ್ಡಿಗೆ ಹೋದರೆ ಮಾಮಾನ ಮಗನಿಗೆ ಕೊಟ್ಟರು ಎಂದೇ ಅರ್ಥ. ನಮ್ಮ ಕಡೆ ಮೊದಲ ಕೇಳುವ ಹಕ್ಕು ಸೋದರಮಾವನ ಮನೆಯದು. ಮಾಮಾನಿಗೆ ನನಗಿಂತ ಮೂರು ವರ್ಷ ದೊಡ್ಡ ಮಗನಿದ್ದ. ಅಪ್ಪ, ಅವ್ವ, ನಾನು ಮೂವರೂ ಇದನ್ನು ಬಲ್ಲವರೇ. ಆದರೂ ಕಾಗದದ ಗದ್ದಲದಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮೊದಲು ಬಂದವರು ಎದುರುಮನೆಯ ಚಾಚಿ. ಓಣಿಯ ಬ್ಲೌಸುಗಳೆಲ್ಲ ಅವರ ಹೊಲಿಗೆ ಯಂತ್ರದಿಂದಲೇ ಬರುತ್ತಿದ್ದವು. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದರು.

"ನಿಲ್ಲವ್ವಾ, ಕೈ ಎತ್ತು" ಎಂದರು.

"ಯಾತಕ್ಕ ಚಾಚಿ?"

"ಎಷ್ಟ ಬ್ಲೌಸ್ ಅಂತ ಆಮ್ಯಾಲ ಹೇಳ್ರಿ, ಅಳತಿ ಈಗ ತಗೋತೇನಿ. ಶ್ರಾವಣ ಬಂದ್ರ ನಂಗ ಉಸಿರ ಬಿಡಾಕೂ ಪುರಸೊತ್ತ ಇರೂದಿಲ್ಲ."

"ಮದುವಿ ಇಲ್ಲ ಚಾಚಿ. ನಾ ಕಲಿಯಾಕ ಹೊಂಟೇನಿ."

"ಹೂಂ, ಕಲಿಯಾಕ ಹೋಗುವಾಗ ಬ್ಲೌಸ್ ಬ್ಯಾಡೇನ? ಕೈ ಎತ್ತು."

ಎತ್ತಿದೆ. ಬೇರೆ ದಾರಿ ಇರಲಿಲ್ಲ. ಅವ್ವ ಒಳಗಿನಿಂದ ನೋಡುತ್ತಿದ್ದಳು, ಬೇಡ ಎನ್ನಲಿಲ್ಲ.

ಆ ವಾರ ಡೈರಿಯಲ್ಲಿ ಒಂದು ಪುಟ ತೆಗೆದಿಟ್ಟೆ. ಎಡಕ್ಕೆ "ಮದುವೆ ಯಾವಾಗ" ಎಂದು ಕೇಳಿದವರು, ಬಲಕ್ಕೆ "ಏನು ಕಲಿಯುತ್ತೀ" ಎಂದು ಕೇಳಿದವರು. ಒಬ್ಬೊಬ್ಬರಿಗೆ ಒಂದು ಗೀಟು, ಐದನೆಯದು ಅಡ್ಡ. ಎಡಗಡೆ ಮೂರು ಸಾಲು ತುಂಬಿತು. ಬಲಗಡೆ ಒಂದೇ ಗೀಟು. ಅದು ಬಸದಿಯ ಪಂಡಿತರದು, ಅವರೂ ಆಮೇಲೆ ಎಡಗಡೆಯ ಪ್ರಶ್ನೆ ಕೇಳಿದರು. ಒಂದೇ ಕಡೆ ಗೀಟು ಹಾಕಬೇಕೋ ಎರಡೂ ಕಡೆಯೋ ಎಂದು ಯೋಚಿಸಿ ಎರಡೂ ಕಡೆ ಹಾಕಿದೆ.

ಅವ್ವನನ್ನು ನೇರವಾಗಿ ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮಂದಿ ಅಂತಾರ, ಅನ್ನಲಿ. ಅಣ್ಣ ಹಂಗ ತಿಳಕೊಳ್ಳೂದಿಲ್ಲ."

"ತಿಳಕೊಂಡ್ರ?"

"ತಿಳಕೊಂಡ್ರ ಏನ ಕೆಟ್ಟ ಆತು? ನನ್ನ ತವರಮನಿ ಅದು."

ಅಥಣಿಯಿಂದ ಠಸೆ ಒತ್ತಿದ ಚೀಟಿ ಬಂತು. ನನ್ನ ಹೆಸರು, ವಯಸ್ಸು, "ಈ ಕಾರ್ಡಿನಿಂದ ಕಮಿ ಮಾಡಲಾಗಿದೆ" ಎಂಬ ಒಂದು ಸಾಲು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಜುಲೈನ ಒಂದು ಭಾನುವಾರ ನಾವು ಮೂವರೂ ಮಾಮಾನ ಊರಿಗೆ ಹೋದೆವು. ಸೋಮವಾರ ಮಾಮಾ ಅದನ್ನು ಅಲ್ಲಿನ ಅಂಗಡಿಗೆ ಕೊಡುವುದೆಂದು ಮಾತಾಗಿತ್ತು.

ಮಾಮಿ ಬಾಗಿಲಲ್ಲೇ ನನ್ನ ಕಾಲಿಗೆ ನೀರು ಕೊಟ್ಟರು. ಮೊದಲೆಲ್ಲ ಬಚ್ಚಲು ತೋರಿಸಿ ಬಿಡುತ್ತಿದ್ದರು. ಊಟಕ್ಕೆ ಹೋಳಿಗೆ ಇತ್ತು. ಹಬ್ಬವಿರಲಿಲ್ಲ. ಊಟವಾದ ಮೇಲೆ ಅಜ್ಜಿ ನನ್ನ ಗದ್ದ ಹಿಡಿದು, "ಇಲ್ಲೇ ಹುಟ್ಟಿದ್ದಿ, ಇಲ್ಲೇ ಬಂದಿ" ಎಂದರು. ಅಪ್ಪ ಅಡಿಕೆ ಕತ್ತರಿಸುತ್ತ ತಲೆ ತಗ್ಗಿಸಿಯೇ ಇದ್ದರು. ಎರಡು ವರ್ಷದ ಕೋರ್ಸು, ಹಾಸ್ಟೆಲ್ಲಿನಲ್ಲಿ ಇರುತ್ತೇನೆ, ಮುಗಿದ ಮೇಲೆ ಹೆಸರು ತಿರುಗಿ ಕಾಗವಾಡಕ್ಕೆ ಹಾಕಿಸಿಕೊಳ್ಳುತ್ತೇವೆ ಎಂದು ನಾನು ಮಾಮಾನಿಗೆ ಹೇಳಿದೆ. ಮಾಮಾ ತಾಂಬೂಲ ದವಡೆಗೆ ಒತ್ತಿಕೊಂಡು ನಕ್ಕರು.

"ಎರಡ ವರ್ಷ ಯಾಕ, ಮೂರ ಕಲಿ. ಹೆಸರ ಒಮ್ಮಿ ಇಲ್ಲಿ ಬಂದ ಮ್ಯಾಲ ತಿರುಗಿ ಯಾಕ ತಗಸ್ತಿ ಹುಚ್ಚಿ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನು ಎದ್ದು ತೋಟಕ್ಕೆ ಹೋದೆ.

ಮಾಮಾನ ಮಗ ಅಲ್ಲಿ ದ್ರಾಕ್ಷಿಯ ಹೊಸ ಕುಡಿಗಳನ್ನು ತಂತಿಗೆ ಕಟ್ಟುತ್ತಿದ್ದ. ಅವನನ್ನು ಅಣ್ಣ ಎನ್ನುವ ಹಾಗಿಲ್ಲ, ಹೆಸರು ಹಿಡಿದು ಕರೆಯುವ ರೂಢಿಯೂ ನಮ್ಮಲ್ಲಿಲ್ಲ. ಚಿಕ್ಕಂದಿನಿಂದ "ಏ" ಎಂದೇ ಕರೆಯುತ್ತಿದ್ದೆ.

"ಏ, ನಿನಗೇನ ಹೇಳ್ಯಾರ?"

"ಏನ ಹೇಳ್ತಾರ? ಹೆಸರ ಬರಾಕತ್ತೈತಿ, ಆಕಿ ಹಿಂದಿನಿಂದ ಬರ್ತಾಳ ಅಂದಾರ." ಅವನ ಬಾಯಲ್ಲಿ ದಾರವಿತ್ತು, ಮಾತು ಅರ್ಧ ಅರ್ಧ ಬರುತ್ತಿತ್ತು. "ನಾ ಒಲ್ಲೆ ಅಂತ ಹೇಳಿಲ್ಲ. ಹೂಂ ಅಂತನೂ ಹೇಳಿಲ್ಲ. ನನ್ನ ಯಾರೂ ಕೇಳೇ ಇಲ್ಲ."

"ನನ್ನೂ ಕೇಳಿಲ್ಲ."

"ನಿನ್ನ ಕೇಳಿದ್ರ ಏನಂತಿ?"

"ಒಲ್ಲೆ ಅಂತೇನಿ."

ಅವನು ಇನ್ನೊಂದು ಗಂಟು ಹಾಕಿದ. "ಹಾಂಗಿದ್ರ ಚೀಟಿ ಕೊಡೂಕ್ಕಿಂತ ಮೊದಲ ಹೇಳು. ಕೊಟ್ಟ ಮ್ಯಾಲ ಹೇಳಿದ್ರ ನನ್ನ ಮರ್ಯಾದಿ ಹೋಗ್ತದ. ಈಗ ಹೇಳಿದ್ರ ಬರೇ ಅಪ್ಪಂದು ಸಿಟ್ಟ." ದಾರ ಕಡಿದು, "ನಿನ್ನಂಥಾಕಿ ಮನ್ಯಾಗ ಬಂದ್ರ ನಾ ಎಷ್ಟ ರೊಟ್ಟಿ ತಿಂದೆ ಅಂತನೂ ಬರದ ಇಡತಿ" ಎಂದ.

ತೋಟದಿಂದ ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಲು ನೋಡಿದೆ. ಹೊರಗಿನವರ ಪಟ್ಟಿಯಲ್ಲಿ ಸೀಟು ಎರಡು. ಅರ್ಜಿ ಹಾಕುವವರು ಎಷ್ಟು ಮಂದಿ? ನನಗೆ ಗೊತ್ತಿಲ್ಲ. ನನಗಿಂತ ಹೆಚ್ಚು ಅಂಕದವರು ಎಷ್ಟು? ಅದೂ ಗೊತ್ತಿಲ್ಲ. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಎಲ್ಲ ಕಡೆಯಿಂದ ಬರುತ್ತಾರೆ ಎಂದು ಗುಮಾಸ್ತ ಹೇಳಿದ್ದು ಮಾತ್ರ ಗೊತ್ತಿತ್ತು. ಲೆಕ್ಕ ಆಗಲಿಲ್ಲ. ಮನೆ ಬಂತು.

ಹೊರಡುವ ಹೊತ್ತಿಗೆ ಮಾಮಾ ಕೈ ಚಾಚಿದರು. "ಎಲ್ಲಿ ಚೀಟಿ?"

"ಮಾಮಾ, ನಾ ಹೊರಗಿನವರ ಪಟ್ಟ್ಯಾಗ ಹಾಕ್ತೇನಿ."

"ಎರಡ ಸೀಟ ಅದಾವ ಅಲ್ಲಿ. ನಿನಗ ಯಾಂವ ಎತ್ತಿ ಇಟ್ಟಾನ?"

"ಸಿಕ್ರ ಸಿಕ್ತು. ಹೆಸರ ಇಲ್ಲಿ ಬ್ಯಾಡ್ರಿ. ಹೆಸರಿನ ಹಿಂದ ನಾ ಬರೂಹಂಗಿಲ್ಲ."

ಮಾಮಾ ಅಪ್ಪನ ಮುಖ ನೋಡಿದರು. ಹೆಂಡತಿಯ ಅಣ್ಣನಿಗೆ ಒಲ್ಲೆ ಎನ್ನುವುದು ಅಪ್ಪನಂಥ ಮನುಷ್ಯನಿಗೆ ಸಣ್ಣ ಮಾತಲ್ಲ. ಅವರು ಚಪ್ಪಲಿ ಮೆಟ್ಟಿದರು, ಒಂದನ್ನು ಬಿಚ್ಚಿ ಮತ್ತೆ ಮೆಟ್ಟಿದರು. "ಆಕಿ ಲೆಕ್ಕ ಆಕಿ ಮಾಡ್ಯಾಳ್ರಿ" ಎಂದರು. ಮಾಮಾ ಟೊಪಿಗೆ ಹಾಕಿಕೊಂಡು ನಮಗಿಂತ ಮೊದಲೇ ಹೊರಗೆ ಹೋದರು. ಅಜ್ಜಿ ಒಳಗೆ ಹೋದವರು ಬರಲಿಲ್ಲ.

ಬಸ್ಸಿನಲ್ಲಿ ಅವ್ವ ನಮ್ಮಿಬ್ಬರಿಂದ ದೂರದ ಸೀಟಿನಲ್ಲಿ ಕುಳಿತಳು. ಅಪ್ಪ ಟಿಕೇಟು ಮಡಚುತ್ತ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಹೆಸರ ಹಾಕಿಸೂಕ್ಕಿಂತ ಮೊದಲ ಒಲ್ಲೆ ಅನ್ನೂದು ಬ್ಯಾರೆ, ಹಾಕಿಸಿದ ಮ್ಯಾಲ ಬ್ಯಾರೆ. ಮೊದಲ ಅಂದಿ, ಅದು ಬರೋಬ್ಬರಿ. ಆದ್ರ ಸೀಟ ಸಿಗದಿದ್ರ ನನ್ನ ಮುಂದ ಅಳಬ್ಯಾಡ."

ಮನೆಗೆ ಬಂದ ಮೇಲೆ ಅವ್ವ ಹೇಳಿದ್ದು ಬೇರೆ. "ಪಂಚಮಿಗೆ ಅಣ್ಣ ಕರಿಯಾಕ ಬರದಿದ್ರ ನಾ ಏನ ಮಾಡ್ಲಿ?"

ಮದುವೆಯಾದಂದಿನಿಂದ ಪ್ರತಿ ನಾಗರ ಪಂಚಮಿಗೆ ಮಾಮಾ ಉಂಡಿಯ ಡಬ್ಬಿ ಹಿಡಿದು ಬಂದು ಅವ್ವನನ್ನು ತವರಿಗೆ ಕರೆದುಕೊಂಡು ಹೋಗುತ್ತಿದ್ದರು. ಆ ವರ್ಷ ಪಂಚಮಿ ಆಗಸ್ಟ್‌ನಲ್ಲಿತ್ತು. ಸೀಟಿನ ಪಟ್ಟಿಯೂ ಅದೇ ಸುಮಾರಿಗೆ.

ಅರ್ಜಿಯನ್ನು ಹೊರಗಿನವರ ಕಟ್ಟಿಗೆ ಹಾಕಿ ಬಂದೆ. ಗುಮಾಸ್ತ, "ಮಾಮಾ ಇಲ್ಲವೇ?" ಎಂದು ಕೇಳಿದ. "ಇದ್ದಾರೆ" ಎಂದೆ. ಅವನು ಅರ್ಜಿಗೆ ನಂಬರು ಹಾಕಿದ.

ಪಟ್ಟಿ ಹಚ್ಚುವ ದಿನ ನಾನೊಬ್ಬಳೇ ಹೋದೆ. ವಿಭಾಗದ ಜಗಲಿಯಲ್ಲಿ ಗದ್ದಲ. ನಿವಾಸಿಗಳ ಪಟ್ಟಿಯ ಮುಂದೆ ಒಬ್ಬರ ಹೆಗಲ ಮೇಲೆ ಒಬ್ಬರು. ಹೊರಗಿನವರ ಪಟ್ಟಿ ಪಕ್ಕದ ಕಂಬದ ಮೇಲಿತ್ತು, ಅದರ ಮುಂದೆ ಯಾರೂ ಇರಲಿಲ್ಲ. ಕಾಗದದ ಮೇಲೆ ಮೂರೇ ಹೆಸರು. ಮೊದಲನೆಯವನು ಗೋವೆಯವನು. ಎರಡನೆಯದು ನನ್ನದು. ಮೂರನೆಯದರ ಮುಂದೆ "ಪ್ರತೀಕ್ಷಾ" ಎಂದು ಬರೆದಿತ್ತು, ಅಂದರೆ ಕಾಯುವವರು.

ಮೂರೇ ಜನ ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಪಕ್ಕದ ಗುಂಪಿನಿಂದ ಕನ್ನಡ ಕೇಳಿಸುತ್ತಿತ್ತು. ಅವರಲ್ಲಿ ಒಬ್ಬ ಬೆವರು ಒರೆಸುತ್ತ ಹೊರಗೆ ಬಂದ. ನಿಪ್ಪಾಣಿಯವನೆಂದು ಅವರ ಮಾತಿನಲ್ಲಿ ಕೇಳಿದ್ದೆ.

"ಸಿಕ್ತೇನ್ರಿ?" ಎಂದೆ.

"ಎಲ್ಲಿ ಸಿಗ್ತದ್ರಿ? ಕಾಯೋರ ಪೈಕಿ ಹನ್ನೊಂದನೇ ನಂಬರ."

"ನೀವು ನಿಪ್ಪಾಣಿಯವರು, ಆ ಪಟ್ಟ್ಯಾಗ ಹೆಂಗ?"

"ಕಾಗಲದಾಗ ನಮ್ಮ ಮಾಮಾ ಅದಾರಲ್ರಿ." ಅವನು ಗುಂಪಿನ ಕಡೆ ಕೈ ಮಾಡಿದ. "ಆಕಿ ರಾಯಬಾಗದಾಕಿ, ಕುರುಂದವಾಡದಾಗ ಅತ್ತಿ. ಇಂವ ಚಿಕ್ಕೋಡಿಯಾಂವ, ಇಚಲಕರಂಜಿಯೊಳಗ ಮಾಮಾ. ನಿಮಗ ಆಚೀಕಡೆ ಯಾರೂ ಇಲ್ಲೇನ್ರಿ, ಪಾಪ?"

ಗಡಿಯ ಈಚೆಯವರೆಲ್ಲ ಆಚೆಗೊಬ್ಬ ಮಾಮಾನನ್ನು ಹಿಡಿದುಕೊಂಡು ನಿವಾಸಿಗಳಾಗಿದ್ದರು. ಅಲ್ಲಿ ನೂಕುನುಗ್ಗಲು, ಇಲ್ಲಿ ಕಂಬದ ಮೇಲೆ ಮೂರು ಹೆಸರು. ಅವನ ಅಂಕ ಕೇಳಿದೆ. ನನ್ನದಕ್ಕಿಂತ ಹೆಚ್ಚಿತ್ತು. ನನ್ನದನ್ನು ಹೇಳಲಿಲ್ಲ, ಅವನೂ ಕೇಳಲಿಲ್ಲ. ಮಾಮಾನ ಕಾರ್ಡಿಗೆ ಹೆಸರು ಹಾಕಿಸಿದ್ದರೆ ನಾನು ಅವನಿಗಿಂತ ಹಿಂದೆ, ಎಲ್ಲೋ ಕೆಳಗೆ ನಿಲ್ಲುತ್ತಿದ್ದೆ. ಇದನ್ನು ಮುಂಚೆ ತಿಳಿದು ಮಾಡಿದ್ದೆ ಎಂದು ಅಪ್ಪ ಇಂದಿಗೂ ಊರಲ್ಲಿ ಹೇಳುತ್ತಾರೆ. ತಿಳಿದಿರಲಿಲ್ಲ.

ಉಳಿದದ್ದು ಚೀಟಿಯ ಕೆಲಸ. ಹೆಸರು ಕಾಗವಾಡದಿಂದ ಹೋಗಿತ್ತು, ಮಾಮಾನ ಊರಿಗೆ ಮುಟ್ಟಿರಲಿಲ್ಲ. ಸುಮಾರು ಒಂದು ತಿಂಗಳು ನಾನು ಎರಡೂ ರಾಜ್ಯದ ಯಾವ ಕಾರ್ಡಿನಲ್ಲೂ ಇರಲಿಲ್ಲ. ಪಟ್ಟಿ ನೋಡಿಕೊಂಡು ಬಂದ ಮರುದಿನ ಚೀಟಿಯನ್ನು ರೇಷನ್ ಅಂಗಡಿಗೆ ಮರಳಿ ಒಯ್ದೆ. ಅಂಗಡಿಯವನು ಕನ್ನಡಕ ತೆಗೆದು ಒರೆಸಿದ.

"ತಗದ ಹೆಸರ ತಿರುಗಿ ಹಾಕಿದ್ದು ನಾ ಎರಡ ಸಲ ತಂಗೀ. ಒಬ್ಬಾಕಿನ್ನ ಗಂಡ ಬಿಟ್ಟಿದ್ದ. ಇನ್ನೊಬ್ಬಾಕಿ ನೀ."

ಗೆರೆ ಎಳೆದ ಜಾಗದಲ್ಲಿ ಮತ್ತೆ ಬರೆಯಲು ಬರುವುದಿಲ್ಲವೆಂದು ಹೆಸರನ್ನು ಎಲ್ಲರಿಗಿಂತ ಕೆಳಗೆ, ಎಂಟು ವರ್ಷದ ತಮ್ಮನ ಕೆಳಗೆ ಬರೆದ. ತಮ್ಮ ಅದನ್ನು ಓಣಿಗೆಲ್ಲ ಸಾರಿದ, ತಾನೀಗ ಅಕ್ಕನಿಗಿಂತ ದೊಡ್ಡವನೆಂದು.

ಸಂಜೆ ಚಾಚಿ ಬಂದರು. ಈ ಸಲ ಟೇಪು ಇರಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡವ್ವಾ. ಅವರ ನಸೀಬದಾಗ ಇರಲಿಲ್ಲ" ಎಂದರು. ಸೀಟು ಸಿಕ್ಕಿತು ಎಂದೆ. ಅದನ್ನು ಕೇಳಿ ಮನೆಗೆ ಹೋಗಿ ಎರಡು ಚೂಡಿದಾರ ತಂದು ಕೊಟ್ಟರು. ಬ್ಲೌಸಿಗೆಂದು ತೆಗೆದ ಅಳತೆ ಸುಮ್ಮನೆ ಹೋಗಬಾರದೆಂದು ಅವನ್ನು ಆಗಲೇ ಹೊಲಿದಿಟ್ಟಿದ್ದರು. "ನೀ ಕಲಿಯಾಕ ಹೊಂಟೇನಿ ಅಂದದ್ದು ನನಗ ಅವತ್ತ ಕೇಳಿಸಿತ್ತು" ಎಂದರು. ಆ ರಾತ್ರಿ ಡೈರಿಯ ಬಲಗಡೆ ಎರಡನೇ ಗೀಟು ಹಾಕಿದೆ.

ಪಂಚಮಿಯ ಹಿಂದಿನ ದಿನ ಅವ್ವ ಬೆಳಿಗ್ಗೆಯಿಂದ ಮೂರು ಸಲ ಅಂಗಳ ಗುಡಿಸಿದಳು. ತಂಬಿಟ್ಟಿಗೆ ಹುರಿದಳು, ಬೀಸಲಿಲ್ಲ. ಮಧ್ಯಾಹ್ನದ ಮಿರಜ ಬಸ್ಸು ಬಂತು, ಮಾಮಾ ಅದರಲ್ಲಿರಲಿಲ್ಲ. ಅವ್ವ ಹುರಿದದ್ದನ್ನು ಡಬ್ಬಿಗೆ ಹಾಕಿ ಮೇಲಿಟ್ಟಳು. ನಾಲ್ಕರ ಸುಮಾರಿಗೆ ಮೋಟರ್‌ಸೈಕಲ್ಲಿನ ಸದ್ದಾಯಿತು. ಮಗ ಓಡಿಸುತ್ತಿದ್ದ, ಹಿಂದೆ ಮಾಮಾ, ಮಾಮಾನ ತೊಡೆಯ ಮೇಲೆ ಉಂಡಿಯ ಡಬ್ಬಿ.

ಮಾಮಾ ನನ್ನ ಜೊತೆ ಮಾತಾಡಲಿಲ್ಲ. ಮಗ ಒಂದು ಪೊಟ್ಟಣ ಬೆದಾಣೆ, ಅವರ ತೋಟದ ಒಣದ್ರಾಕ್ಷಿ, ನನ್ನ ಕೈಗೆ ಕೊಟ್ಟು, "ಹಾಸ್ಟೆಲ್ಲಿಗೆ. ಎಣಿಸಿ ತಿನ್ನು" ಎಂದ. ಅವ್ವ ಚಹಾ ತಂದಳು. ಮಾಮಾ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಸಕ್ಕರಿ ಯಾಕಿಷ್ಟ ಸುರದಿ?"

"ಈ ತಿಂಗಳ ರೇಷನ್ನಿನಾಗ ಜಾಸ್ತಿ ಬಂದೈತಿ" ಎಂದಳು ಅವ್ವ, ಬಾಗಿಲಿಗೆ ಒರಗಿ ನಿಂತು. "ಆಕಿ ಪಾಲಿಂದು."

ಮಾಮಾ ಕಪ್‌ಬಸಿಯನ್ನು ನೋಡಿದರು, ನನ್ನನ್ನು ನೋಡಿದರು. ಚಹಾ ಮುಗಿಸಿದರು.

"ಹಂಗಾರ ಇನ್ನೊಂದ ಕಪ್ ಹಾಕು" ಎಂದರು.